ತಿರುಪಿಲ್ಲದ ಕಡಗ

ಇಕ್ಕಳದಕ್ಕನ ಎಡಗೈಯ ಮೂರು ಬೆರಳುಗಳಿಗೆ ಉಗುರಿಲ್ಲ. ಅವಳ ಅಪ್ಪ ಕೆಲಸ ಕಲಿಸಿದ ರೀತಿ ಅದು. ಅವನು ಹೆಸರುವಾಸಿ ಅಕ್ಕಸಾಲಿಗ. ಬೆಸುಗೆ ತಪ್ಪಿದರೆ ಬೈಯುತ್ತಿರಲಿಲ್ಲ, ಕೈಯಲ್ಲಿದ್ದ ಇಕ್ಕಳವನ್ನೇ ಮಗಳ ಬೆರಳ ಮೇಲೆ ಇಳಿಸುತ್ತಿದ್ದ. ಹತ್ತೊಂಬತ್ತನೆಯ ವಯಸ್ಸಿಗೆ ಅವಳು ಹಾಕಿದ ಒಂದು ಬೆಸುಗೆಯನ್ನು ಅವನು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ. ಆ ದಿನವೂ ಅವನು ಹೊಗಳಲಿಲ್ಲ. ಇಕ್ಕಳವನ್ನು ಅವಳ ಮುಂದೆ ಇಟ್ಟು ಎದ್ದುಹೋದ. ಮತ್ತೆ ಅದನ್ನು ಮುಟ್ಟಲಿಲ್ಲ.

ಮದುವೆಯಾದ ಮನೆಯಲ್ಲಿ ಅಕ್ಕಸಾಲಿ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿದ್ದದ್ದು ಕೈ ಎತ್ತುವುದೊಂದೇ. ನಾಲ್ಕನೆಯ ತಿಂಗಳು ಅವನು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದಾಗ, ಅತ್ತೆ ಅದೇ ಬಾಗಿಲ ಅಗುಳಿ ಕಿತ್ತು ಮಗನ ಮೊಣಕಾಲಿಗೆ ಬಾರಿಸಿದರು. ಮೂಳೆ ಲಟಕ್ಕೆಂದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ.

"ಹೆತ್ತೋಳು ನಾನು, ಮುರಿಯೋ ಹಕ್ಕೂ ನಂದೇ. ಹೊರಡು" ಎಂದರು ಅತ್ತೆ.

ಅವನು ಕುಂಟುತ್ತ ಹೋದವನು ತಿರುಗಿ ಬರಲಿಲ್ಲ. ಮರುವಾರವೇ ಮುಂದಿನ ಕೋಣೆಯಲ್ಲಿ ಇದ್ದಿಲ ಒಲೆ, ಲೋಹ ಬಡಿಯುವ ಅಡಿಗಲ್ಲು, ಊದುಗೊಳವೆ ಬಂದವು. ಸೊಸೆ ಆಭರಣ ಮಾಡಿದಳು, ಅತ್ತೆ ಅವನ್ನು ಉಜ್ಜಿ ಹೊಳಪು ಕೊಟ್ಟರು.

ಅಂಗಡಿಯಲ್ಲಿ ಸಿಗುವಂಥ ಆಭರಣ ಅವಳಲ್ಲಿ ಸಿಗುತ್ತಿರಲಿಲ್ಲ. ಜನ ತಮ್ಮ ವಸ್ತುಗಳನ್ನು ತರುತ್ತಿದ್ದರು. ನಿವೃತ್ತ ಸೈನಿಕನೊಬ್ಬ ತನ್ನ ಸೊಂಟದಿಂದ ಹೊರತೆಗೆದ ಗುಂಡನ್ನು ತಂದ. ಅಕ್ಕತಂಗಿಯರಿಬ್ಬರು ಅಮ್ಮನ ಸರಕ್ಕಾಗಿ ಕಿತ್ತಾಡಿ, ತುಂಡಾದ ಎರಡು ಭಾಗಗಳನ್ನು ಬೇರೆ ಬೇರೆ ದಿನ ತಂದರು. "ಮೊದ್ಲು ಕಥೆ ಹೇಳಿ, ಆಮೇಲೆ ತಕ್ಕಡಿ" ಎನ್ನುತ್ತಿದ್ದಳು ಇಕ್ಕಳದಕ್ಕ. ಕೇಳಿದ ಮೇಲೆ ಎರಡು ದಿನ ಗೀಚುಪುಸ್ತಕದಲ್ಲಿ ಚಿತ್ರ ಬರೆದು ಅಳಿಸಿ, ಆಮೇಲೆ ಒಲೆ ಹೊತ್ತಿಸುತ್ತಿದ್ದಳು.

"ಅಕ್ಕಸಾಲಿಗ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನನ್ನ ಸೊಸೆ ಅಕ್ಕನ ಕಥೆನೂ ಬಿಡಲ್ಲ" ಎಂದು ಅತ್ತೆ ಗಿರಾಕಿಗಳ ಮುಂದೆಯೇ ಹಾಸ್ಯ ಮಾಡುತ್ತಿದ್ದರು.

ಹಿಂದಿನ ಬೀದಿಯ ಟೈಲರಮ್ಮ ಬಂದದ್ದು ಹೀಗೆಯೇ, ಒಂದು ಕರವಸ್ತ್ರದ ಗಂಟು ಹಿಡಿದುಕೊಂಡು. ಗಂಟಿನಲ್ಲಿ ಒಂದು ಜೊತೆ ಓಲೆ, ಎರಡು ಹಳೆಯ ಉಂಗುರ, ಸವೆದ ಒಂದು ತುಂಡು ಸರ ಮತ್ತು ಬೆಳ್ಳಿಯ ಅಂಗುಸ್ತಾನ ಇದ್ದವು. ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳ ತುದಿಗೆ ಹಾಕಿಕೊಳ್ಳುವ, ಮೈತುಂಬ ಪುಟ್ಟ ಗುಳಿಗಳಿರುವ ಟೊಪ್ಪಿಗೆ ಅದು.

"ಅಮ್ಮಂದು. ಅಂಗಿಗಳಿಗೆ ಕಾಜಾ ಹಾಕಿ ಹಾಕಿ ನನ್ನ ಸಾಕಿದ್ಲು" ಎಂದಳು ಟೈಲರಮ್ಮ. "ಒಂದು ಕಡಗ ಮಾಡ್ಕೊಡಿ ಅಕ್ಕ."

"ತುಟಿಗೇನಾಯ್ತು?"

"ಬಾಗಿಲು ತಾಗ್ತು."

"ಆ ಬಾಗಿಲು ಕುಡಿಯುತ್ತಾ?" ಎಂದರು ಅತ್ತೆ ಒಳಗಿನಿಂದ.

ಟೈಲರಮ್ಮ ನಕ್ಕಳು. ನಕ್ಕದ್ದಕ್ಕೆ ತುಟಿ ಮತ್ತೆ ಸೀಳಿ ರಕ್ತ ಗಲ್ಲಕ್ಕಿಳಿಯಿತು. ಒರೆಸಿಕೊಳ್ಳುತ್ತಲೇ ಹೇಳಿದಳು. ಗಂಡ ಐಸ್ ಕಾರ್ಖಾನೆಯಲ್ಲಿ ಮಂಜುಗಡ್ಡೆ ಒಡೆಯುವವನು. ಇಸ್ಪೀಟಿನ ಹುಚ್ಚು.

"ಕಳಚೋಕೆ ಬರೋದನ್ನೆಲ್ಲ ಕಳಚಿದಾನೆ ಅಕ್ಕ. ಕಿವೀದು, ಮೂಗಿಂದು. ಒಂದ್ಸಲ ನಾನು ಮಲಗಿದ್ದಾಗ ಹೊಲಿಗೆ ಮಿಷನ್ನಿನ ಚಕ್ರಾನೇ ಬಿಚ್ಕೊಂಡು ಹೋಗಿದ್ದ. ಅಮ್ಮಂದು ಇದೊಂದನ್ನ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಉಳಿಸಿದೀನಿ. ಕಳಚೋಕೇ ಆಗದಂಥದ್ದು ಮಾಡ್ಕೊಡಿ. ಸತ್ತಾಗ್ಲೂ ನನ್ನ ಮೈಮೇಲೆ ಇರ್ಬೇಕು."

ಇಕ್ಕಳದಕ್ಕ ಈ ಸಲ ಎರಡು ದಿನವಲ್ಲ, ಆರು ದಿನ ತೆಗೆದುಕೊಂಡಳು. ಬಳೆಯಾದರೆ ಸೋಪು ಹಚ್ಚಿ ಜಾರಿಸಬಹುದು. ತಿರುಪಿನ ಕಡಗವಾದರೆ ತಿರುಪು ಬಿಚ್ಚಬಹುದು. ಆದ್ದರಿಂದ ಮಣಿಕಟ್ಟಿಗೆ ಬಿಗಿಯಾಗಿ ಕೂರುವ, ತಿರುಪೇ ಇಲ್ಲದ ಕಡಗ ಮಾಡಿದಳು. ಅದರ ತುದಿಗಳನ್ನು ಕೈಯ ಮೇಲೆಯೇ ಬೆಸೆಯಬೇಕು. ಹೊರಮೈಯಲ್ಲಿ ಸುತ್ತಲೂ ಕಾಜಾ ಹೊಲಿಗೆ, ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುವಂತೆ ಉಳಿಯಿಂದ ಕೊರೆದದ್ದು. ಒಳಮೈಗೆ ಅಂಗುಸ್ತಾನದ ಬೆಳ್ಳಿಯನ್ನು ಕರಗಿಸದೆ ಹಾಗೆಯೇ ಬಿಡಿಸಿ ಪಟ್ಟಿಯಾಗಿ ಕೂರಿಸಿದಳು. ತಾಯಿಯ ಸೂಜಿ ಒತ್ತಿದ ಗುಳಿಗಳು ಮಗಳ ನಾಡಿಯ ಮೇಲೆ ಬಂದವು.

ಬೆಸೆಯುವ ದಿನ ಟೈಲರಮ್ಮನ ಎಡ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಅಭ್ರಕದ ಹಾಳೆ ಸಿಕ್ಕಿಸಿ, ಸೂಜಿಮೊನೆಯಷ್ಟು ಜ್ವಾಲೆ ಊದಿದಳು. ಆದರೂ ಚರ್ಮ ಚುರುಗುಟ್ಟಿ ಅವರೆಕಾಳಿನಷ್ಟು ಬೊಬ್ಬೆ ಎದ್ದಿತು. ಟೈಲರಮ್ಮ ಹಲ್ಲು ಕಚ್ಚಿದಳೇ ಹೊರತು ಕೈ ಎಳೆದುಕೊಳ್ಳಲಿಲ್ಲ.

"ಇದೇನು ಮಹಾ" ಎಂದು ಕೈ ಕೊಡವಿ ನೋಡಿದಳು. ಕಡಗ ಅಲುಗಲಿಲ್ಲ.

"ಇನ್ನು ಅವನು ನಿನ್ನನ್ನೇ ತಗೊಂಡು ಹೋಗಿ ಮಾರ್ಬೇಕು ಅಷ್ಟೇ" ಎಂದರು ಅತ್ತೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಕ್ಕಳದಕ್ಕ ಎಲ್ಲವನ್ನೂ ಯೋಚಿಸಿದ್ದಳು. ಗರಗಸ ಹಿಡಿದು ಕತ್ತರಿಸಿದರೆ ಮಾತ್ರ ಅದು ಬರುತ್ತದೆ. ಒಪ್ಪದೆ ಒದ್ದಾಡುವ ಕೈಯಿಂದ ಅಷ್ಟು ಬಿಗಿಯಾದ ಕಡಗ ಕತ್ತರಿಸುವುದು ಯಾರಿಂದಲೂ ಆಗದ ಮಾತು, ಅಕ್ಕಸಾಲಿಗನ ಬಳಿ ಬರಲೇಬೇಕು. ಊರಿನ ಅಕ್ಕಸಾಲಿಗರಿಗೆಲ್ಲ ಈ ಕಡಗ ಮುಟ್ಟಬೇಡಿ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಆದರೆ ಅವಳು ಲೆಕ್ಕ ಹಾಕಿದ್ದು ಅವನ ಆಸೆಯನ್ನು. ಸಿಟ್ಟನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರು ತಿಂಗಳ ನಂತರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಐಸ್ ಕಾರ್ಖಾನೆಯವನೇ ಒಳಗೆ ಬಂದ. ಅಗಲ ಭುಜ, ನೀರಲ್ಲಿ ನೆನೆದು ಬಿಳಿಚಿ ಬಿರುಕುಬಿಟ್ಟ ಅಂಗೈ. ಜೇಬಿನಿಂದ ಕಡಗ ತೆಗೆದು ತಕ್ಕಡಿಯ ತಟ್ಟೆಗೆ ಹಾಕಿದ.

"ಊರಲ್ಲಿ ಯಾರೂ ಇದನ್ನ ಮುಟ್ಟಲ್ಲ ಅಂತಾರೆ. ನೀನೇ ಕರಗಿಸಿ ಗಟ್ಟಿ ಮಾಡ್ಕೊಡು. ಈಗ್ಲೇ. ನಾನಿಲ್ಲೇ ಕೂತಿರ್ತೀನಿ."

"ಅವಳು ಬರ್ಲಿಲ್ವಾ?"

"ಚಿಕ್ಕಮ್ಮನ ಮನೆಗೆ ಹೋಗಿದಾಳೆ. ಡಿಸೈನ್ ಬೇಜಾರಾಯ್ತಂತೆ."

"ಹೆಂಗೆ ತೆಗೆದ್ಲು?"

"ಸೋಪು ಹಚ್ಚಿ."

ಇಕ್ಕಳದಕ್ಕ ಕಡಗವನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ತಿರುಗಿಸಿದಳು. ಎಲ್ಲಿಯೂ ಕತ್ತರಿಸಿರಲಿಲ್ಲ. ಅವಳ ಬೆಸುಗೆ ಇದ್ದಂತೆಯೇ ಇತ್ತು. ದುಂಡಗಿದ್ದ ಕಡಗ ಮೊಟ್ಟೆಯಾಕಾರಕ್ಕೆ ಅಮುಕಿಹೋಗಿತ್ತು. ಕಾಜಾದ ಎಳೆಗಳ ನಡುವೆ ಕಪ್ಪಾಗಿ ಏನೋ ಒಣಗಿತ್ತು. ಒಂದು ಕಡೆ ಚರ್ಮದ ಚೂರು ಅಂಟಿತ್ತು. ಆ ಕೈಯನ್ನು ಅವಳು ಅಳೆದಿದ್ದಳು. ಹೆಬ್ಬೆರಳ ಮೂಳೆ ನೆಟ್ಟಗಿರುವ ಯಾವ ಕೈಯಿಂದಲೂ ಈ ಕಡಗ ಇಡಿಯಾಗಿ ಹೊರಬರುವಂತಿರಲಿಲ್ಲ.

"ಅತ್ತೆ" ಎಂದಳು, ದನಿ ಏರಿಸದೆ. "ಟೈಲರಮ್ಮನ ಹತ್ರ ನಿಮ್ಮ ರವಿಕೆ ಇತ್ತಲ್ಲ. ಹೋಗಿ ಇಸ್ಕೊಂಡು ಬನ್ನಿ."

ಅತ್ತೆ ಯಾವ ರವಿಕೆಯನ್ನೂ ಕೊಟ್ಟಿರಲಿಲ್ಲ. ಸೊಸೆಯ ಮುಖ ನೋಡಿ, "ಹೌದಲ್ವೇ, ಮರ್ತೇಹೋಗಿತ್ತು" ಎಂದು ಎದ್ದರು.

ಅವನು ಕಾಲಿನಿಂದಲೇ ಬಾಗಿಲು ಒದ್ದು ಮುಚ್ಚಿದ. "ಊರಲ್ಲಿಲ್ಲ ಅಂದ್ನಲ್ಲ? ಕೂತ್ಕೋ ಮುದುಕಿ" ಎಂದು ಅತ್ತೆಯ ಎದೆಗೆ ಕೈಹಾಕಿ ನೂಕಿದ. ಅವರ ತಲೆ ಗೋಡೆಗೆ ಬಡಿಯಿತು, ಹಾಗೆಯೇ ಜಾರಿ ಕುಳಿತರು.

"ಅವಳ ಕೈ ಏನ್ಮಾಡ್ದೆ?" ಇಕ್ಕಳದಕ್ಕ ಕೇಳಿದಳು.

ಉತ್ತರವಾಗಿ ಅವನು ಅವಳ ಜಡೆ ಹಿಡಿದು ಮುಖವನ್ನು ಅಡಿಗಲ್ಲಿಗೆ ಬಡಿದ. ಎರಡು ಹಲ್ಲು ಬಾಯಲ್ಲೇ ಉದುರಿದವು. ಮೂಗಿನಿಂದ ಸುರಿದ ರಕ್ತ ಕೆಂಡಕ್ಕೆ ಬಿದ್ದು ಸಿಡಿಯಿತು. ಅವನು ಅವಳ ಬಲಗೈಯನ್ನು ಹಲಗೆಯ ಮೇಲೆ ಒತ್ತಿಹಿಡಿದು ಸುತ್ತಿಗೆ ಎತ್ತಿಕೊಂಡ.

"ಈ ಕೈ ತಾನೇ ಬೆಸುಗೆ ಹಾಕಿದ್ದು?"

ಒಲೆಯಲ್ಲಿ, ಚಿನ್ನ ಕರಗಿಸುವ ಮೂಸೆ ಹಿಡಿಯುವ ದೊಡ್ಡ ಇಕ್ಕಳದ ಮೂತಿ ಕೆಂಪಗೆ ಕಾಯುತ್ತಿತ್ತು. ಎಡಗೈಗೆ ಸಿಕ್ಕಿದ್ದು ಅದರ ಹಿಡಿ. ತಿರುಗಿ ನೋಡದೆಯೇ ಹಿಂದಕ್ಕೆ ಬೀಸಿ ಅವನ ಕಿವಿಯ ಕೆಳಗೆ ಒತ್ತಿದಳು. ಸುಟ್ಟ ವಾಸನೆ ಎದ್ದಿತು. ಅವನು ಅರಚಿ ಹಿಂದೆ ಸರಿಯುವಷ್ಟರಲ್ಲಿ ನೆಲದಲ್ಲಿದ್ದ ಅತ್ತೆ ಎರಡೂ ಕೈಯಿಂದ ಅವನ ಕಾಲು ಅಪ್ಪಿ ಎಳೆದರು. ಅವನು ಒಲೆಯ ಮೇಲೆಯೇ ಅಂಗಾತ ಬಿದ್ದ. ಬೆನ್ನಡಿಯಲ್ಲಿ ಕೆಂಡ ಚೆಲ್ಲಿತು.

ಇಕ್ಕಳದಕ್ಕ ಅವನ ಎದೆಯ ಮೇಲೆ ಮಂಡಿಯೂರಿದಳು.

"ಎಲ್ಲಿದಾಳೆ?"

"ಗೊತ್ತಿಲ್ಲ... ಚಿಕ್ಕಮ್ಮನ..."

ಇಕ್ಕಳವನ್ನು ಅವನ ಭುಜಕ್ಕೆ ಒತ್ತಿ ಹಿಡಿದಳು. ಮೊದಲನೆಯದು ತನ್ನನ್ನು ಉಳಿಸಿಕೊಳ್ಳಲು ಮಾಡಿದ್ದು. ಇದು ಹಾಗಲ್ಲವೆಂಬುದು ಅವಳಿಗೆ ಆಗಲೂ ಗೊತ್ತಿತ್ತು. ಅವನ ಕಾಲುಗಳು ನೆಲಕ್ಕೆ ಬಡಿದುಕೊಂಡವು. ಅವಳು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ ತೆಗೆದಳು.

"ಮುಂದಿಂದು ಕಣ್ಣಿಗೆ. ಎಲ್ಲಿದಾಳೆ?"

"ಬಚ್ಚಲು! ಬಚ್ಚಲುಮನೇಲಿ ಹಾಕಿ ಬೀಗ ಹಾಕಿದೀನಿ! ಬಿಟ್ಬಿಡೇ!"

ಉತ್ತರ ಸಿಕ್ಕಿತ್ತು. ಆದರೂ ಇಕ್ಕಳ ಕೆಳಗಿಳಿಯುತ್ತಲೇ ಇತ್ತು. ಅತ್ತೆ ತೆವಳಿಕೊಂಡು ಬಂದು ಅವಳ ಮಣಿಕಟ್ಟು ಹಿಡಿದರು.

"ಸಾಕು ಕಣೆ. ಇವನ ಕಣ್ಣಿಂದ ಏನಾಗ್ಬೇಕು? ಅವಳ ಹತ್ರ ಓಡು."

ಅಷ್ಟರಲ್ಲಿ ಕಿರುಚಾಟ ಕೇಳಿ ಎದುರಿನ ಸೈಕಲ್ ಅಂಗಡಿಯವನು ಬಾಗಿಲು ನೂಕಿ ಬಂದ. ನೆಲಕ್ಕೆ ಬಿದ್ದವನನ್ನು ಸೈಕಲ್ ಟ್ಯೂಬಿನಲ್ಲಿ ಕಟ್ಟಿಹಾಕುವ ಕೆಲಸ ಆ ಅಂಗಡಿಯವನಿಗೆ, ಪೊಲೀಸರಿಗೆ ಹೇಳುವ ಕೆಲಸ ಅತ್ತೆಗೆ. ಇಕ್ಕಳದಕ್ಕ ಸುತ್ತಿಗೆ ಹಿಡಿದು ಓಡಿದಳು.

ಟೈಲರಮ್ಮನ ಅಂಗಡಿಗೂ ಅದರ ಹಿಂದಿದ್ದ ಮನೆಗೂ ಬೀಗ. ಸುತ್ತಿಗೆಯಿಂದ ಮೂರು ಬೀಗ ಒಡೆಯಬೇಕಾಯಿತು. ಬಚ್ಚಲುಮನೆಯ ನೆಲವೆಲ್ಲ ಕೆಂಪು ನೀರು. ಮಂಜುಗಡ್ಡೆ ಒಡೆಯುವ ಮರದ ಕೊಡತಿ ಒಂದು ಕಡೆ, ಹಲ್ಲು ಮುರಿದ ಗರಗಸ ಇನ್ನೊಂದು ಕಡೆ ಬಿದ್ದಿದ್ದವು. ಟೈಲರಮ್ಮ ನೀರಿನ ಡ್ರಮ್ಮಿಗೆ ಒರಗಿದ್ದಳು. ಬಾಯಿಗೆ ಬಟ್ಟೆ ತುರುಕಿತ್ತು. ಎಡಗೈಯ ಹೆಬ್ಬೆರಳು ಚರ್ಮದಲ್ಲಷ್ಟೇ ನೇತಾಡುತ್ತಿತ್ತು. ತೋರುಬೆರಳು ಜಜ್ಜಿಹೋಗಿ ಬೆರಳೆಂದು ಗುರುತು ಸಿಗದಂತಾಗಿತ್ತು. ಉಸಿರಿತ್ತು.

ಬಾಯಿಯ ಬಟ್ಟೆ ತೆಗೆದಾಗ ಅವಳು ಕಣ್ಣು ಬಿಡದೆಯೇ ಹೇಳಿದಳು, "ಗರಗಸ ಇಡೋಕೆ ಬಿಡ್ಲಿಲ್ಲ ಅಕ್ಕ. ಕಚ್ಚಿದೆ, ಒದ್ದೆ. ಆಮೇಲೆ ಅವನಿಗೆ ತಲೆ ಕೆಟ್ಟುಹೋಯ್ತು."

ಇಕ್ಕಳದಕ್ಕ ತನ್ನ ಸೆರಗು ಹರಿದು ಆ ಕೈಗೆ ಬಿಗಿದಳು. ಅವಳನ್ನು ಹೊತ್ತು ಬೀದಿಗೆ ಬಂದಾಗ ಯಾವ ರಕ್ತ ಯಾರದೆಂದು ನೋಡಿದವರಿಗೆ ತಿಳಿಯಲಿಲ್ಲ.

ಜೀವ ಉಳಿಯಿತು. ಎರಡು ಬೆರಳುಗಳನ್ನು ಡಾಕ್ಟರು ತೆಗೆದುಹಾಕಿದರು. ಗಂಡ ಆಸ್ಪತ್ರೆಯಿಂದ ನೇರವಾಗಿ ಜೈಲಿಗೆ ಹೋದ, ಕಡಗ ಸಾಕ್ಷಿಯಾಗಿ ಕೋರ್ಟಿನ ಬೀರು ಸೇರಿತು. ಅವನ ಮೈಮೇಲಿನ ಸುಟ್ಟಗಾಯಗಳ ಬಗ್ಗೆ ಇನ್ಸ್‌ಪೆಕ್ಟರ್ ಕೇಳಿದಾಗ ಇಕ್ಕಳದಕ್ಕ ಸುತ್ತಿ ಬಳಸಿ ಮಾತಾಡಲಿಲ್ಲ.

"ಕುತ್ತಿಗೇದು ನನ್ನ ಕೈ ಉಳಿಸ್ಕೊಳ್ಳೋಕೆ ಸಾರ್. ಭುಜದ್ದು ಬಾಯಿ ಬಿಡಿಸೋಕೆ. ಕಣ್ಣಿಂದು ನಮ್ಮತ್ತೆ ತಡೆದ್ರು, ಇಲ್ದಿದ್ರೆ ಅದೂ ಆಗ್ತಿತ್ತು."

"ಹಿಂಗೆಲ್ಲ ಹೇಳ್ಬಾರ್ದಮ್ಮ" ಎಂದು ಅವನು ಪೆನ್ನು ಕೆಳಗಿಟ್ಟ.

"ಬರ್ಕೊಳ್ಳಿ ಸಾರ್. ನಡೆದದ್ದು ಅದೇ." ಅವಳ ಮೇಲೂ ಒಂದು ಕೇಸಾಯಿತು. ಅದು ಇನ್ನೂ ನಡೆಯುತ್ತಿದೆ.

ಅವಳನ್ನು ಕೊರೆಯುತ್ತಿದ್ದದ್ದು ಕೇಸಲ್ಲ. ಹತ್ತನೆಯ ದಿನ ಆಸ್ಪತ್ರೆಯ ಮಂಚದ ಪಕ್ಕ ಕುಳಿತು, ಮುಂದಿನ ಹಲ್ಲು ಹೋದ ಬಾಯಲ್ಲಿ ತೊದಲುತ್ತ ಹೇಳಿಯೇಬಿಟ್ಟಳು.

"ನಾನು ಒಂದು ತಿರುಪು ಇಟ್ಟಿದ್ರೆ ನಿನ್ನ ಕೈ ಉಳೀತಿತ್ತು."

ಅವಳು ಕಾದಿದ್ದದ್ದು "ಹಾಗನ್ಬೇಡಿ ಅಕ್ಕ" ಎಂಬ ಮಾತಿಗೆ ಇರಬಹುದು. ಟೈಲರಮ್ಮ ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಹೌದು. ಉಳೀತಿತ್ತು. ನಾನು ಕೇಳಿದ್ದೂ ಹೌದು, ನೀವು ಮಾಡ್ಕೊಟ್ಟಿದ್ದೂ ಹೌದು. ಇವತ್ತು ಹೋಗಿ ಅಕ್ಕ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

ಇಕ್ಕಳದಕ್ಕ ಎದ್ದುಹೋದಳು. ಮರುದಿನ ಮತ್ತೆ ಬಂದಳು. ಟೈಲರಮ್ಮ ಗೋಡೆಗೆ ತಿರುಗಿ ಮಲಗಿದ್ದಳು, ಆದರೆ ಹೋಗೆನ್ನಲಿಲ್ಲ.

ಈಗಲೂ ಯಾರಾದರೂ ಬಂದು ಜೀವ ಇರುವವರೆಗೂ ಕಳಚದಂಥದ್ದು ಬೇಕೆಂದರೆ ಇಕ್ಕಳದಕ್ಕ ಕಥೆ ಪೂರ್ತಿ ಕೇಳುತ್ತಾಳೆ, ಆಮೇಲೆ ಆಗುವುದಿಲ್ಲ ಎನ್ನುತ್ತಾಳೆ. ಕೆಲವರು ಕೋಪಿಸಿಕೊಂಡು ಬೇರೆ ಕಡೆ ಹೋಗುತ್ತಾರೆ.

ಟೈಲರಮ್ಮ ಎಂಟು ತಿಂಗಳ ಮೇಲೆ ಅಂಗಡಿ ತೆರೆದಳು. ಬಲಗೈ ಚಕ್ರ ತಿರುಗಿಸುತ್ತದೆ, ಕತ್ತರಿ ಹಿಡಿಯುತ್ತದೆ. ಎಡಗೈಯ ಮೂರು ಬೆರಳಿಗೆ ಬಟ್ಟೆ ಬಿಗಿಯಾಗಿ ಸಿಗುವುದಿಲ್ಲ. ಉದ್ದದ ಹೊಲಿಗೆಗಳನ್ನೆಲ್ಲ ಅವಳು ಮಧ್ಯಾಹ್ನಕ್ಕೆ ಉಳಿಸಿಕೊಳ್ಳುತ್ತಾಳೆ. ಮಧ್ಯಾಹ್ನ ಎರಡಕ್ಕೆ ಇಕ್ಕಳದಕ್ಕ ಒಲೆ ಆರಿಸಿ ಅಲ್ಲಿಗೆ ಹೋಗುತ್ತಾಳೆ. ಮಿಷನ್ನಿನ ಎಡಕ್ಕೆ ಸ್ಟೂಲು ಹಾಕಿಕೊಂಡು ಬಟ್ಟೆ ಹಿಡಿಯುತ್ತಾಳೆ. ಅವರಿಬ್ಬರ ನಡುವೆ ಹೆಚ್ಚು ಮಾತಿಲ್ಲ. ಇರುವಷ್ಟೂ ಬೈಗುಳವೇ.

"ಎಳೀಬೇಡಿ ಅಕ್ಕ, ಹೊಲಿಗೆ ಸೊಟ್ಟ ಹೋಗುತ್ತೆ."

"ಎಳೀತಿಲ್ಲ ಕಣೆ."

"ಎಳೀತಿದೀರಿ. ನೋಡಿ, ಮತ್ತೆ. ಬಿಚ್ಚಿ ಹೊಲೀಬೇಕು ಈಗ. ಗಿರಾಕಿ ನಿಮ್ಮನ್ನ ಬೈಯಲ್ಲ, ನನ್ನ ಬೈತಾರೆ."

ಇಕ್ಕಳದಕ್ಕ ತಪ್ಪಿದ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿ, ಬಟ್ಟೆಯನ್ನು ನೇರ ಮಾಡಿ ಮತ್ತೆ ಸೂಜಿಯ ಕೆಳಗೆ ಹಿಡಿಯುತ್ತಾಳೆ.

"ಹಾಂ, ಹಾಗೆ" ಎನ್ನುತ್ತಾಳೆ ಟೈಲರಮ್ಮ. ಚಕ್ರ ತಿರುಗುತ್ತದೆ.