ಪಿಕಪ್ಪಿಗೆ ಕಾರ್ಬೊರೇಟರ್ ಕೂಡಿಸಿದ್ದು

ನನ್ನ ಗಂಡ ತೀರಿಕೊಂಡ ಮೇಲೆ ಅವರ ಪಿಕಪ್ ಗಾಡಿ ಬನಹಟ್ಟಿಯ ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೆ ಇಡೀ ಮಳೆಗಾಲ ನಿಂತೇ ಇತ್ತು. ಪವರ್‌ಲೂಮ್ ಶೆಡ್ಡುಗಳಿಗೆ ನೂಲು ಸುತ್ತಿದ ಬೀಮಿನ ಉರುಳೆ ಮುಟ್ಟಿಸುವುದು, ನೇಯ್ದ ಸೀರೆಗಳ ಗಂಟುಗಳನ್ನು ಜಮಖಂಡಿ, ಮುಧೋಳದ ಅಂಗಡಿಗಳಿಗೆ ಒಯ್ಯುವುದು ಅವರ ದುಡಿಮೆಯಾಗಿತ್ತು. ನಾನು ಓಣಿಯ ಶೆಡ್ಡೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ. ರಜೆಯ ದಿನ ಕಬ್ಬಿನ ಹೊಲಗಳ ನಡುವಿನ ದಾರಿಗೆ ಕರೆದುಕೊಂಡು ಹೋಗಿ ಅವರೇ ನನಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದರು, ಲೈಸೆನ್ಸನ್ನೂ ಮಾಡಿಸಿದ್ದರು. ಅದರ ಹಿಂದೆ ಯಾವ ಲೆಕ್ಕಾಚಾರವೂ ಇರಲಿಲ್ಲ. ನಾನು ಗೇರು ತಪ್ಪಿಸಿದಾಗಲೆಲ್ಲ ಅವರಿಗೆ ನಗು ಬರುತ್ತಿತ್ತು, ಅಷ್ಟೆ.

ಮಳೆ ಮುಗಿದ ಮೇಲೆ ಮೈದುನ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

“ವೈನಿ, ಇದನ್ನ ಗುಜರಿಗೆ ಹಾಕಿಬಿಡ್ರಿ. ನಿಂತಲ್ಲೇ ಜಂಗ್ ಹಿಡ್ಯಾಕತ್ತೇತಿ.”

ನಾನು ಅವನಿಗೆ ಚಹಾ ಮಾಡಿಕೊಟ್ಟೆ. ಅವನು ಹೋದ ಮೇಲೆ ಕೀಲಿ ತಿರುಗಿಸಿ ನೋಡಿದೆ. ಗಾಡಿ ಉಸಿರೆತ್ತಲಿಲ್ಲ. ಬ್ಯಾಟರಿ ಹೊಸದು ಹಾಕಿಸಿದರೂ ಎಂಜಿನ್ನು ಗರಗರ ತಿರುಗುತ್ತಿತ್ತೇ ಹೊರತು ಹೊತ್ತಿಕೊಳ್ಳಲಿಲ್ಲ. ಇಲಿಗಳು ವೈರುಗಳನ್ನು ಕಡಿದು ಹಾಕಿದ್ದವು. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು ಚಿಮ್ಮಿಸಬೇಕು ಎಂದು ಹೇಳುವ ಕಂಪ್ಯೂಟರಿನ ಡಬ್ಬಿಯೊಳಗೆ ನೀರು ಹೋಗಿತ್ತು. ವಿಚಾರಿಸಿದಲ್ಲೆಲ್ಲ ಒಂದೇ ಉತ್ತರ: ಈ ಮಾದರಿಯ ಡಬ್ಬಿ ಈಗ ಬರುವುದಿಲ್ಲ.

ಜಮಖಂಡಿಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದರು. ಹಳೆಯ ಗಾಡಿಗಳ ಕೆಲಸ ಬಲ್ಲವರು, ಹೊಸ ಗಾಡಿಗಳು ಬಂದ ಮೇಲೆ ಅವರ ಕಡೆ ಹೋಗುವವರು ಕಡಿಮೆಯಾಗಿದ್ದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಗಾಡಿಯನ್ನು ಅವರ ಅಂಗಡಿಗೆ ಎಳೆಸಿಕೊಂಡು ಹೋದೆ. ಅವರಿಗೆ ಕಿವಿ ಮಂದ. ನಾನು ಹೇಳಿದ್ದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸಿಕೊಂಡು, ಬಾನೆಟ್ಟಿನೊಳಗೆ ಬಹಳ ಹೊತ್ತು ಕೈಯಾಡಿಸಿದರು.

“ಎಂಜಿನ್ ಛಲೋ ಐತಿ ಯವ್ವಾ. ತಲಿ ಅಷ್ಟ ಕೆಟ್ಟೇತಿ.”

“ತಲಿ ಇಲ್ದ ಹೆಂಗ ನಡೀತೇತ್ರಿ ಕಾಕಾ?”

“ಮೊದಲಿನ ಗಾಡಿಗೋಳಿಗೆ ಎಲ್ಲಿತ್ತು ತಲಿ? ಇದನ್ನೆಲ್ಲಾ ಬಿಚ್ಚಿ ಒಗದು ಕಾರ್ಬೊರೇಟರ್ ಕೂಡಸೂಣು. ಎಣ್ಣಿ ಸ್ವಲ್ಪ ಜಾಸ್ತಿ ಕುಡಿತೇತಿ, ಮುಂಜಾನಿ ಎದ್ದಕೂಡ್ಲೆ ಸಿಟ್ಟ ಮಾಡ್ತೇತಿ. ನಡೀತೇತೇನು?”

“ನಡೀತೇತ್ರಿ” ಅಂದೆ. ಅವರಿಗೆ ಕೇಳಿಸಲಿಲ್ಲ, ಅದಕ್ಕೆ ತಲೆಯಾಡಿಸಿ ತೋರಿಸಿದೆ.

ಇದೇ ಎಂಜಿನ್ನಿನ ಹಳೆಯ ರೂಪ ಹಿಂದೆ ಒಂದು ವ್ಯಾನಿನಲ್ಲಿ ಬರುತ್ತಿತ್ತಂತೆ. ಅಂಥದ್ದೊಂದು ಮುಧೋಳದ ಗುಜರಿಯಲ್ಲಿ ಸಿಕ್ಕಿತು. ಕಾಕಾ ಅದರ ಕಾರ್ಬೊರೇಟರನ್ನೂ, ಅದು ಕೂಡುವ ಕೊಳವೆಯನ್ನೂ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ, ಪೆಟ್ರೋಲು ಎತ್ತುವ ಪಂಪನ್ನೂ ಬಿಚ್ಚುವವರೆಗೆ ನಾನು ಆ ವ್ಯಾನಿನ ಹರಿದ ಸೀಟಿನ ಮೇಲೆ ಕುಳಿತಿದ್ದೆ. ಸೀಟಿನ ಸಂದಿಯಲ್ಲಿ ಯಾರದೋ ತಲೆಯ ಕ್ಲಿಪ್ಪು ಸಿಕ್ಕಿತು. ತೆಗೆದು ನೋಡಿ, ಅಲ್ಲೇ ಇಟ್ಟೆ.

ಅಲ್ಲಿಂದ ಮುಂದೆ ಬೆಳಗಿನ ಪಾಳಿ ಮುಗಿಸಿ ಬಸ್ಸು ಹಿಡಿದು ಜಮಖಂಡಿಗೆ ಹೋಗುವುದು ನನಗೆ ರೂಢಿಯಾಯಿತು. ಹೋಗಲೇಬೇಕಾದ ಕೆಲಸವೇನೂ ಇರಲಿಲ್ಲ. ಆದರೆ ಮನೆಗೆ ಬಂದರೆ ಬಾಗಿಲು ತೆಗೆದ ಸದ್ದೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಅಂಗಡಿಯಲ್ಲಿ ಕಾಕಾ ನನ್ನ ಮುಂದೆ ಒಂದು ತಗಡಿನ ತಟ್ಟೆಯಲ್ಲಿ ಪೆಟ್ರೋಲು ಸುರಿದು, ಬಿಚ್ಚಿದ ಕಾರ್ಬೊರೇಟರಿನ ಹಿತ್ತಾಳೆ ಚೂರುಗಳನ್ನು ಅದರಲ್ಲಿ ಹಾಕಿ ಕೊಡುತ್ತಿದ್ದರು. ಒಂದೊಂದರಲ್ಲೂ ಕೂದಲಷ್ಟು ಸಣ್ಣ ತೂತು. ತೊಳೆದು, ಊದಿ, ಬಿಸಿಲಿಗೆ ಹಿಡಿದು, ಆಚೆ ಬೆಳಕು ಕಾಣುತ್ತದೋ ಇಲ್ಲವೋ ನೋಡಬೇಕು. ಆ ತೂತಿನಿಂದ ಪೆಟ್ರೋಲನ್ನು ಎಂಜಿನ್ನು ತನ್ನ ಉಸಿರಿನಿಂದಲೇ ಎಳೆದುಕೊಳ್ಳುತ್ತದೆ, ಯಾರೂ ಲೆಕ್ಕ ಹೇಳಬೇಕಾಗಿಲ್ಲ ಎಂದು ಅವರು ತಿಳಿಸಿಕೊಟ್ಟರು.

ನಾನು ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಅವರಿಗೆ ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ಎದುರುಬದುರು ಕುಳಿತು ಉಣ್ಣುತ್ತಿದ್ದೆವು. ಕಿವಿಯ ಕಾರಣಕ್ಕೆ ಮಾತು ಕಡಿಮೆ. ಒಮ್ಮೆ ಮಾತ್ರ, ನನ್ನ ಶೇಂಗಾ ಚಟ್ನಿ ನೆಂಚಿಕೊಳ್ಳುತ್ತ, “ನಮ್ಮಾಕಿ ಹೋದಮ್ಯಾಲೆ ಮನಿ ಚಟ್ನಿ ತಿಂದಿದ್ದಿಲ್ಲವಾ” ಅಂದರು. ನಾನು ಇನ್ನೊಂದಿಷ್ಟು ಬಡಿಸಿದೆ.

ಎಲ್ಲ ಕೂಡಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನು ಢಮ್ಮೆಂದು ಹಿಮ್ಮುಖವಾಗಿ ಸಿಡಿಯಿತು. ಕಾಕಾ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ಹೊರಳಿಸಿದರು. ಆಮೇಲೆ ಹೊತ್ತಿಕೊಂಡಿತು. ಆದರೆ ಇಡೀ ಗಾಡಿ ನಡುಗುತ್ತಿತ್ತು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳಿದರು. ಎಡಗಿವಿ, ಬಲಗಿವಿ, ಮತ್ತೆ ಎಡಗಿವಿ. ಕೊನೆಗೆ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಅವರ ಮುಖ ನೋಡಲಾಗಲಿಲ್ಲ ನನಗೆ.

“ನೀ ಕೇಳಿ ಹೇಳ ಬೇ” ಅಂದರು.

“ನನಗೇನ್ ತಿಳಿತೇತ್ರಿ ಇದ್ರಾಗ?” ಅಂತ ಅವರ ಕಿವಿಯ ಹತ್ತಿರ ಕೂಗಿದೆ.

“ಮಗ್ಗದಾಗ ದುಡಿಯಾಕಿ. ತಿಳಿಯೂದಿಲ್ಲೇನು?”

ನಾನು ಕಣ್ಣು ಮುಚ್ಚಿದೆ. ಶೆಡ್ಡಿನಲ್ಲಿ ಎಷ್ಟೋ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗಲೂ ನನ್ನ ಮಗ್ಗದ ಲಾಳಿ ಒಂದೇಟು ತಪ್ಪಿದರೆ, ತಲೆಗೆ ತಿಳಿಯುವ ಮೊದಲೇ ಕೈ ಅದನ್ನು ನಿಲ್ಲಿಸಲು ಹೋಗಿರುತ್ತದೆ. ಹಾಗೆಯೇ ಕೇಳಿಸಿಕೊಂಡೆ. ಬಡಿತಗಳ ನಡುವೆ ಒಂದು ಕುಂಟುತ್ತಿತ್ತು. ಆ ಸದ್ದಿನಲ್ಲಿ ಕಾಕಾನಿಗೆ ಪ್ರತಿ ಏಟಿಗೂ ಕೂಗಿ ಹೇಳುವಂತಿರಲಿಲ್ಲ. ಅದಕ್ಕೆ ಅವರ ಭುಜದ ಮೇಲೆ ಬೆರಳಿನಿಂದ ಎಂಜಿನ್ನಿನ ತಾಳವನ್ನು ಬಡಿಯತೊಡಗಿದೆ. ಅವರು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತ ಹೋದರು. ಏಟು ತಪ್ಪಿದಲ್ಲಿ ನನ್ನ ಬೆರಳೂ ತಪ್ಪುತ್ತಿತ್ತು. ತಿರುಗಿಸಿ, ಹಿಂದಕ್ಕೆ ತಂದು, ಕೂದಲೆಳೆಯಷ್ಟು ಮುಂದಕ್ಕೆ ಒಯ್ದರು. ಬಡಿತ ಸಮವಾಯಿತು. ನನ್ನ ಬೆರಳು ತಪ್ಪದೆ ಆಡುತ್ತಿರುವುದನ್ನು ಅವರು ಸ್ವಲ್ಪ ಹೊತ್ತು ಪರೀಕ್ಷಿಸಿ, ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದರು.

“ಆತು” ಅಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ಹೊಗೆಯೂ ಇತ್ತು ಅನ್ನಿ.

ತಣ್ಣಗಿರುವ ಎಂಜಿನ್ನನ್ನು ಎಬ್ಬಿಸುವಾಗ ಎಳೆಯಲು ಸ್ಟೇರಿಂಗಿನ ಪಕ್ಕದಲ್ಲಿ ತೂತು ಕೊರೆದು ಒಂದು ಚೋಕಿನ ಗುಂಡಿ ಕೂಡಿಸಿಕೊಟ್ಟರು. ಗಾಡಿಯ ಸ್ಟೇರಿಂಗು, ಗೇರು, ಕಿಟಕಿಯ ಹಿಡಿಕೆ ಎಲ್ಲವೂ ನನ್ನ ಗಂಡನ ಕೈಯಲ್ಲಿ ಸವೆದಿದ್ದವು. ಅವರು ಮುಟ್ಟದೇ ಇದ್ದದ್ದು ಆ ಗುಂಡಿಯೊಂದೇ.

ನಾನೇ ಹೊಡೆದುಕೊಂಡು ಬನಹಟ್ಟಿಗೆ ಬಂದೆ. ಪಕ್ಕದ ಮನೆಯಾಕೆ ಹೊರಗೆ ಬಂದು, “ಯಾರ ಗಾಡಿ ಬಂತೋ ಅಂದ್ಕೊಂಡ್ನಿ. ಸಪ್ಪಳಾನ ಬ್ಯಾರೆ ಆಗೇತಲ್ಲ” ಅಂದಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ. ಎಷ್ಟೋ ವರ್ಷ ಸಂಜೆ ಆ ಗಾಡಿ ಓಣಿಯ ತಿರುವಿಗೆ ಬಂದ ಸದ್ದು ಕೇಳಿಯೇ ನಾನು ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ. ಗಾಡಿ ಉಳಿಯಿತು, ಆ ಸದ್ದು ಉಳಿಯಲಿಲ್ಲ. ಅದು ನನ್ನ ಕಿವಿಯಲ್ಲಷ್ಟೇ ಇದೆ, ಎಷ್ಟು ದಿನ ಇರುತ್ತದೋ. ಅವರು ಹೋದಾಗ ಮಂದಿಯ ನಡುವೆ ಅತ್ತಿದ್ದೆ. ಒಬ್ಬಳೇ ಅತ್ತದ್ದು ಅವತ್ತೇ ಮೊದಲು.

ಗಂಡನ ದುಡಿಮೆಯನ್ನು ನಾನೇ ಹಿಡಿದೆ. ಶೆಡ್ಡಿನವರು ಮೊದಮೊದಲು ಹಿಂಜರಿದರು, ಆಮೇಲೆ ಗಾಡಿಗೆ ಬಾಡಿಗೆಯ ಕೆಲಸ ಕೊಡತೊಡಗಿದರು. ಚಹಾದಂಗಡಿಯಲ್ಲಿ ನಾನು ಹೋದರೆ ಡ್ರೈವರುಗಳು ಬೆಂಚು ಬಿಟ್ಟುಕೊಡುತ್ತಾರೆ, ಮಾತನ್ನೂ ನಿಲ್ಲಿಸುತ್ತಾರೆ. ಮರ್ಯಾದೆಯೇ ಅದು. ಆದರೂ ಈಗ ಚಹಾವನ್ನು ನನ್ನ ಗಾಡಿಗೇ ತರಿಸಿಕೊಳ್ಳುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯಿರುವ ಸಮೀರವಾಡಿಯ ಕಡೆ ಹೋಗುವಾಗ ಟ್ರ್ಯಾಕ್ಟರುಗಳ ಹಿಂದೆ ಆಮೆಯ ಹಾಗೆ ಸಾಗಬೇಕಾಗುತ್ತದೆ. ಆಗ ಎಂಜಿನ್ನಿನ ಜೊತೆ ಮಾತಾಡುತ್ತೇನೆ.

ಒಂದು ದಿನ ಬಡಿತ ಮತ್ತೆ ಕುಂಟಿದಾಗ ಜಮಖಂಡಿಗೆ ಹೋದೆ. ಕಾಕಾನ ಅಂಗಡಿ ಮುಚ್ಚಿತ್ತು. ಮಗಳು ಬಂದು ಮೀರಜಿಗೆ ಕರೆದುಕೊಂಡು ಹೋದಳೆಂದು ಪಕ್ಕದ ಪಂಕ್ಚರ್ ಅಂಗಡಿಯವರು ಹೇಳಿದರು. ಫೋನ್ ನಂಬರೂ ಕೊಟ್ಟರು. ಮಾಡಿದೆ. ಕಾಕಾ ತಾವೇ ಎತ್ತಿ, “ಯಾರು? ಯಾರು?” ಅಂದರು. ನಾನು ಕೂಗಿಯೇ ಹೇಳಿದೆ. ಅವರಿಗೆ ಕೇಳಿಸಲಿಲ್ಲ. “ಯಾರೂ ಇಲ್ಲ ನೋಡ” ಅಂತ ಯಾರಿಗೋ ಹೇಳಿ ಇಟ್ಟುಬಿಟ್ಟರು. ಅಲ್ಲೇ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ, ಸ್ಕ್ರೂ ತಿರುಗಿಸಿ ನಾನೇ ಸರಿಮಾಡಿಕೊಂಡೆ.

ಕಳೆದ ಬೇಸಿಗೆಯಲ್ಲಿ ಬೀಳಗಿಗೆ ಸೀರೆಯ ಗಂಟು ಒಯ್ಯುತ್ತಿದ್ದಾಗ ಉರಿಬಿಸಿಲಿಗೆ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಗಾಡಿ ನಿಂತಿತು. ಕುಡಿಯುವ ನೀರಿನಲ್ಲಿ ಬಟ್ಟೆ ನೆನೆಸಿ ಪಂಪಿಗೆ ಸುತ್ತಿ, ಜಾಲಿಯ ನೆರಳಿನಲ್ಲಿ ಕುಳಿತೆ. ಬಸ್ಸೊಂದು ಹೋಯಿತು. ಆಮೇಲೆ ರಸ್ತೆಯ ಮೇಲೆ ಏನೂ ಇರಲಿಲ್ಲ. ಪಂಪು ತಣಿದ ಮೇಲೆ ಗಾಡಿ ಒಂದೇ ಸಲಕ್ಕೆ ಎದ್ದಿತು.

ಅಂಗಡಿಯವರು ಗಂಟು ಇಳಿಸಿಕೊಳ್ಳಲು ಬಂದು, ಗಾಡಿಯೊಳಗೆ ಇಣುಕಿ ನೋಡಿದರು.

“ಒಬ್ಬರ ಬಂದ್ರೇನ್ರಿ ಅಕ್ಕಾರ?”

“ಹೂನ್ರಿ” ಅಂದು ಹಿಂದಿನ ಬಾಗಿಲು ತೆಗೆದೆ.