ಐದು ನಿಮಿಷ ತಡವಾಗುತ್ತಿದ್ದ ದೇವಸಮುದ್ರದ ಬಸ್ಸು

1998ರಲ್ಲಿ ನಾನು ಚಳ್ಳಕೆರೆ ಬಸ್ ಡಿಪೋದಲ್ಲಿ ಟ್ರಾಫಿಕ್ ಇನ್‌ಸ್ಪೆಕ್ಟರ್. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಓಡಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಅಧಿಕಾರಿಗಳು ಬಂದಾಗಲೆಲ್ಲ, "ಬಳ್ಳಾರಿ, ಚಿತ್ರದುರ್ಗ, ಬೆಂಗಳೂರು, ಪಾವಗಡ, ಎಲ್ಲಿಗೆ ಬೇಕಾದರೂ ನಮ್ಮೂರಿಂದ ಬಸ್ಸಿದೆ ಸಾರ್" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

ಒಂದು ದಿನ ಮೇಲಿನ ಕಚೇರಿಯಿಂದ ಪತ್ರ ಬಂತು. ದೇವಸಮುದ್ರದಿಂದ ರಾಂಪುರ, ಮೊಳಕಾಲ್ಮೂರು ಮೇಲೆ ಚಳ್ಳಕೆರೆಗೆ ಬರುವ ಬೆಳಗಿನ ಬಸ್ಸಿಗೆ ಜನರಿಲ್ಲ, ತಿಂಗಳ ಕೊನೆಗೆ ನಿಲ್ಲಿಸುವುದು. ನನ್ನ ವರದಿ ಬೇಕು. ಕೂತಲ್ಲೇ ಬರೆದು ಕಳಿಸಬಹುದಿತ್ತು. ಆದರೂ ಒಮ್ಮೆ ಅದೇ ಬಸ್ಸಿನಲ್ಲಿ ಬಂದು ನೋಡೋಣ ಅನ್ನಿಸಿತು.

ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಡ್ರೈವರ್ ಪಾಲಯ್ಯ ಚಹಾಕ್ಕೆ ಇಳಿದ. ಆ ನಿಲುಗಡೆ ವೇಳಾಪಟ್ಟಿಯಲ್ಲೇ ಇತ್ತು. ಅಲ್ಲಿ ಹತ್ತಿದ ರಂಗಪ್ಪ ಎಂಬ ರೇಷ್ಮೆ ಸೀರೆ ನೇಕಾರರು ಬಟ್ಟೆಯ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತರು. ಹಿರಿಯೂರಿನ ಮದುಮಗಳ ಧಾರೆ ಸೀರೆಯಂತೆ. ಅಂಚಿನ ಕೆಲಸ ಹಿಂದಿನ ದಿನವಷ್ಟೇ ಮುಗಿದಿತ್ತು. ಅಂದೇ ಹನ್ನೊಂದೂವರೆಗೆ ಮುಹೂರ್ತ.

ನಾವು ಚಳ್ಳಕೆರೆ ನಿಲ್ದಾಣದ ಒಳಗೆ ಹೋಗುವಾಗ ಹಿರಿಯೂರು ಮೇಲೆ ಹೋಗುವ ಬೆಂಗಳೂರು ಬಸ್ಸು ಅಂದು ತುಸು ತಡವಾಗಿ ಹೊರಟು ಹೊರಗೆ ಹೋಗುತ್ತಿತ್ತು. ರಂಗಪ್ಪ ಗಂಟು ಅವುಚಿಕೊಂಡು ಓಡಿದರು. ಸಿಗಲಿಲ್ಲ. ಮುಂದಿನ ಬಸ್ಸು ಒಂದೂವರೆ ಗಂಟೆಯ ನಂತರ.

"ದಿನಾ ಇದೇ ಕಥೆ ಐತೆ ಸಾರ್," ಅಂದರು ಏದುಸಿರು ಬಿಡುತ್ತಾ. "ಇವತ್ತು ಟೆಂಪೋ ತಪ್ಪಿತು, ಅದಕ್ಕೆ ಇದನ್ನ ಹತ್ತಿದೆ. ಮುಂದಿನ ಬಸ್ಸು ಸಿಗಲ್ಲ ಅಂದ್ರೆ ಈ ಬಸ್ಸಿಗೆ ಯಾರು ಬರ್ತಾರ್ರಿ?"

ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದೆ. ಬೆಂಗಳೂರಿನದು 8.40, ಚಿತ್ರದುರ್ಗದ್ದು 8.35. ನಮ್ಮ ಬಸ್ಸು ಬರುವುದು 8.45. ಆ ಪಟ್ಟಿಯ ಕೆಳಗೆ ನನ್ನದೇ ಸಹಿ ಇತ್ತು. ನಾಚಿಕೆಯಾಯಿತು.

ಮೊದಲು ಸೀರೆ ತಲುಪಬೇಕಿತ್ತು. ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ತುಂಬಿಕೊಂಡು ಹಿರಿಯೂರಿನತ್ತ ಹೊರಟಿದ್ದ ಲಾರಿಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ಸೀರೆಗೆ ಹಿಂಡಿ ವಾಸನೆ ಹತ್ತಿದ್ರೆ ಮದುಮಗಳು ನನ್ನ ಸುಮ್ನೆ ಬಿಡ್ತಾಳೇನ್ರಿ?" ಎನ್ನುತ್ತಲೇ ರಂಗಪ್ಪ ಕ್ಯಾಬಿನ್ ಹತ್ತಿದರು. ಹತ್ತು ಗಂಟೆಗೆಲ್ಲ ಸೀರೆ ಛತ್ರ ಸೇರಿತೆಂದು ಆಮೇಲೆ ಅವರೇ ಬಂದು ಹೇಳಿದರು; ಜೊತೆಗೆ ಮದುವೆಯ ಲಾಡನ್ನೂ ತಂದಿದ್ದರು.

ಅಂದೇ ಪಾಲಯ್ಯನನ್ನು ಕರೆದು, "ಮೊಳಕಾಲ್ಮೂರಿನ ಚಹಾ ಬಂದ್. ಇಲ್ಲಿಗೆ ಬಂದು ಕುಡಿ" ಎಂದೆ.

"ಬಸ್ಸಿಗೆ ಡೀಸೆಲ್ ಹೆಂಗೋ ನನಗೆ ಚಾ ಹಂಗೆ ಸಾರ್," ಎಂದು ಗೊಣಗಿದರೂ ಒಪ್ಪಿದ. ಬಸ್ಸು ನಿಲ್ಲಿಸುವ ಮುನ್ನ ಮೂರು ವಾರ ಹತ್ತು ನಿಮಿಷ ಮೊದಲೇ ಚಳ್ಳಕೆರೆ ತಲುಪುವ ಹೊಸ ವೇಳೆಯಲ್ಲಿ ಓಡಿಸಿ ನೋಡಲು ಮೇಲಿನವರ ಅನುಮತಿ ಪಡೆದೆ.

ಮೊದಲ ವಾರ ಅರ್ಧ ಸೀಟೂ ತುಂಬಲಿಲ್ಲ, ನನಗೂ ಅಳುಕಿತ್ತು. ಆದರೆ ಕಂಡಕ್ಟರ್ ಪ್ರತಿ ಊರಲ್ಲೂ, "ಬೆಂಗಳೂರು ಬಸ್ಸು ಸಿಗ್ತೈತೆ, ಬರ್ರಿ!" ಎಂದು ಕೂಗುತ್ತಾ ಬಂದ. ಎರಡನೇ ವಾರಕ್ಕೆ ಸೀಟುಗಳು ತುಂಬಿದವು. ಮೂರನೇ ವಾರ ಪಾಲಯ್ಯನೇ ಬಂದು ದೂರಿದ: "ಗೇರ್ ಹಾಕಾಕೂ ಜಾಗ ಇಲ್ಲ ಸಾರ್! ಇನ್ನೊಂದು ಬಸ್ ಬಿಡ್ರಿ."

ಬಸ್ಸು ಉಳಿಯಿತು.

ನಾಲ್ಕು ದಿಕ್ಕಿನ ರಸ್ತೆ ಒಂದೂರಲ್ಲಿ ಕೂಡಿದ ಮಾತ್ರಕ್ಕೆ ಪ್ರಯಾಣಿಕನಿಗೆ ಅನುಕೂಲವಾಗುವುದಿಲ್ಲ. ಒಂದರಿಂದ ಇಳಿದವನಿಗೆ ಇನ್ನೊಂದು ಸಿಗಬೇಕು. ಆಮೇಲೆ ಯಾವ ಡಿಪೋಗೆ ವರ್ಗವಾದರೂ, ಮೊದಲ ದಿನ ನಾನು ನಕ್ಷೆ ಬಿಡಿಸಿ ಕೂರಲಿಲ್ಲ. ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು ಯಾರು ಓಡುತ್ತಿದ್ದಾರೆ ಎಂದು ನೋಡುತ್ತಿದ್ದೆ. ದಿನವೂ ಜನ ಓಡುತ್ತಿದ್ದರೆ ತಪ್ಪು ಅವರದಲ್ಲ, ನಮ್ಮದು.