ವೇರಾ ಆಂಟಿಯ ಮಂಡಿ

ಶುಕ್ರವಾರದ ಬಲಿಪೂಜೆಯಲ್ಲಿ ಧೂಪ ಹಾಕಿದಾಗಲೆಲ್ಲ ನನಗೆ ದೇವರಿಗಿಂತ ಮೊದಲು ವೇರಾ ಆಂಟಿ ನೆನಪಾಗುತ್ತಾರೆ. ದೋಹಾದ ಅಬು ಹಮೂರಿನ ಇಗರ್ಜಿಯಲ್ಲಿ ಮೊಣಕಾಲೂರಿಕೊಂಡು ಹೀಗೆ ಯೋಚಿಸುವುದು ತಪ್ಪೇ ಇರಬೇಕು, ಏನು ಮಾಡಲಿ! ಅವರ ಕೋಣೆಯಲ್ಲೂ ಇಂಥದೇ ರಾಳದ ವಾಸನೆ. ಜಾರದಿರಲೆಂದು ರಾಳದ ಪುಡಿಯನ್ನು ಕುಣಿಯುವ ಬೂಟಿನ ಅಡಿಗೆ ಉಜ್ಜಿಕೊಳ್ಳುತ್ತಿದ್ದರು. ಮನ್ಸೂರಾದ ಆ ಹಳೆಯ ವಿಲ್ಲಾದ ಕೆಳಗಿನ ಎರಡು ಕೋಣೆಗಳಲ್ಲಿ ಉಡುಪಿಯಿಂದ ಬಂದ ಅಪ್ಪ, ಅಮ್ಮ, ನಾನು; ಮೇಲೆ ರಷ್ಯಾದ ವೇರಾ ಆಂಟಿ. ವರ್ಷಗಟ್ಟಲೆ ಬ್ಯಾಲೆ ಕುಣಿದು, ಮಂಡಿ ಕೈಕೊಟ್ಟ ಮೇಲೆ ಸಿನಿಮಾಗಳಲ್ಲಿ ನಟಿಸಿ, ಅದೂ ನಿಂತ ಮೇಲೆ ದೋಹಾಕ್ಕೆ ಬಂದು ಮಕ್ಕಳಿಗೆ ಕುಣಿತ ಕಲಿಸುತ್ತಿದ್ದರು. ಆ ವಿಲ್ಲಾ ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ.

ನನಗೆ ಹತ್ತು ವರ್ಷವಾಗಿದ್ದಾಗ ಅವರಿಗೆ ಮತ್ತೆ ಒಂದು ಸಿನಿಮಾ ಸಿಕ್ಕಿತು. ವಯಸ್ಸಾದ ನರ್ತಕಿಯ ಪಾತ್ರ. ಕೊನೆಯ ಸಲ ಕುಣಿದು ನೆಲಕ್ಕೆ ಕುಸಿಯಬೇಕು. ಖುಷಿಯಲ್ಲಿ ನಮ್ಮ ಅಡುಗೆಮನೆಗೆ ನುಗ್ಗಿ, ನೀರುದೋಸೆ ಹೊಯ್ಯುತ್ತಿದ್ದ ಅಮ್ಮನನ್ನು ಸೌಟಿನ ಸಮೇತ ಅಪ್ಪಿಕೊಂಡಿದ್ದರು. ಆದರೆ ಅಭ್ಯಾಸ ಶುರುವಾದ ಎರಡನೇ ವಾರಕ್ಕೇ ಮಂಡಿ ತೆಂಗಿನಕಾಯಿಯಷ್ಟು ಊದಿತು. ಗುಟ್ಟಾಗಿ ಐಸ್ ಒಯ್ದು ಕೊಡುವುದು ನನ್ನ ಕೆಲಸ. “ನಿನ್ನ ಅಮ್ಮನಿಗೆ ಹೇಳಬೇಡ ಜೆನಿ. ನರ್ಸ್ ಅಲ್ವಾ, ಕುಣಿಯಲು ಬಿಡೋದಿಲ್ಲ. ಈ ಪಾತ್ರ ಹೋದರೆ ನಾನು ಖಲಾಸ್,” ಎಂದು ಇಂಗ್ಲಿಷಿನಲ್ಲಿ ಹೇಳಿದ್ದರು. ದೊಡ್ಡವರೊಬ್ಬರು ನನ್ನನ್ನು ನಂಬಿದ್ದು ಅದೇ ಮೊದಲು. ಅಯ್ಯೋ, ಎಷ್ಟು ಬೀಗಿದ್ದೆ! ದಿನವೂ ನಮ್ಮ ತಲೆಯ ಮೇಲೆ ಅವರ ಹೆಜ್ಜೆಗಳು ಧಡ್ ಧಡ್ ಎನ್ನುತ್ತಿದ್ದವು. ಬಲಗಾಲು ಪ್ರತಿದಿನ ಇನ್ನಷ್ಟು ತಡವಾಗಿ ಬೀಳುತ್ತಿರುವುದು ನನಗೊಬ್ಬಳಿಗೇ ಗೊತ್ತಾಗುತ್ತಿತ್ತು. ರಾತ್ರಿ ನನಗೆ ಊಟ ಸೇರುತ್ತಿರಲಿಲ್ಲ.

ಶೂಟಿಂಗಿನ ಬೆಳಿಗ್ಗೆ ಅಮ್ಮ ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ನಿಂತಳು. “ಎಂತ ಜೆನಿ, ಆಂಟಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿತಾರಲ್ಲ? ಕಾಲು ನೋವುಂಟಾ ಅವರಿಗೆ?”

“ಎಂತದೂ ಇಲ್ಲಮ್ಮ,” ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನು ನಕ್ಕೆ. ಎಷ್ಟೇ ನೋವಾದರೂ ಮುಖಕ್ಕೆ ಬರಬಾರದು ಎನ್ನುವುದು ವೇರಾ ಆಂಟಿ ಕಲಿಸಿದ ಮೊದಲ ಪಾಠ. ಅಮ್ಮ ಬಸ್ಸಿಗೆ ತಡವಾಯಿತೆಂದು ಹೋದಳು.

ಶೂಟಿಂಗಿಗೆ ಅವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ದೀಪಗಳ ಹಿಂದೆ ನಿಂತಿದ್ದೆ. ಅವರು ಹಾರಿ ಇಳಿದಾಗ ಒಣಕೊಂಬೆ ಮುರಿದಂಥ ಸದ್ದಾಯಿತು, ಸಂಗೀತದಲ್ಲಿ ಮುಚ್ಚಿಹೋಯಿತು. ನಗುತ್ತಲೇ ಕುಸಿದರು, ಪಾತ್ರ ಕುಸಿಯಬೇಕಿದ್ದ ಹಾಗೆಯೇ. ನಿರ್ದೇಶಕ ಕ್ಯಾಮೆರಾವನ್ನು ಅವರ ಮುಖದ ಹತ್ತಿರಕ್ಕೆ ತರಿಸಿದ. ಆಗಲೂ ನಗುತ್ತಲೇ ಇದ್ದರು. ನಾನು ಕೂಗಿಕೊಂಡೆ, ಶಾಟ್ ಹಾಳಾಗುತ್ತದೆಂದು ಯಾರೋ ನನ್ನ ಬಾಯಿ ಮುಚ್ಚಿದರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ವೇರಾ ಆಂಟಿ ಗಾಲಿಕುರ್ಚಿಯಲ್ಲಿ ಊರಿಗೆ ಹೋದರು, ಮತ್ತೆ ನಡೆಯಲಿಲ್ಲವಂತೆ. ಅಮ್ಮ ಈಗಲೂ ಆ ಸಿನಿಮಾವನ್ನು ಮೊಬೈಲಿನಲ್ಲಿ ಹಾಕಿಕೊಂಡು ಅಳುತ್ತಾಳೆ. “ನರ್ಸ್ ಆಗಿ ಎಂತ ಪ್ರಯೋಜನ, ಹೇಳು? ಅವತ್ತು ನಾನೇ ಮೇಲೆ ಹೋಗಿ ನೋಡಬೇಕಿತ್ತು. ನಿನ್ನನ್ನು ಕೇಳಿ ಸುಮ್ಮನಾದೆ. ಪಾಪ, ಅಷ್ಟು ಸಣ್ಣ ಮಗುವಿಗೆ ಎಂತ ಗೊತ್ತಾಗ್ತದೆ?”

“ಹೌದಮ್ಮ,” ಎನ್ನುತ್ತೇನೆ.